ನಾಲ್ಕು ಗೀಟು

ಗಿಲ್‌ರಾಯ್ ಊರಿನಾಚೆ ಇಂಗ್ಲೆಂಡಿನ ಹಳೆಯ ತೋಟದ ಮನೆಯೊಂದನ್ನು ಮತ್ತೆ ಜೋಡಿಸುತ್ತಿದ್ದರು. ಅದರ ಓಕ್ ಮರದ ಚೌಕಟ್ಟನ್ನು ಅಲ್ಲಿ ಬಿಚ್ಚಿ, ಹಡಗಿನಲ್ಲಿ ಸಮುದ್ರ ದಾಟಿಸಿ ತಂದಿದ್ದರು. ಈ ಕೆಲಸದ ಎಂಜಿನಿಯರು ನಮ್ಮ ಅತ್ತಿಗೆ. ನನಗೆ ತೋರಿಸಲು ಕರೆದೊಯ್ದರು. ಕಂಬಕ್ಕೊಂದು ರೋಮನ್ ಅಂಕಿ, ಯಾವುದು ಎಲ್ಲಿಗೆಂದು ತಿಳಿಯಲು ಅಂದಿನ ಬಡಗಿ ಉಳಿಯಿಂದ ಕೆತ್ತಿದ್ದು. ನಾಲ್ಕನೆಯದರ ಮೇಲೆ ಮಾತ್ರ IV ಬದಲು ಬರೀ ನಾಲ್ಕು ಗೀಟು.

"ಬಡಗಿಗೆ ನಾಲ್ಕು ಬರೆಯೋಕೆ ಬರ್ತಿರ್ಲಿಲ್ಲ ಅನ್ಸತ್ತೆ," ಎಂದು ನಕ್ಕೆ.

"ಸರಿಯಾಗಿ ಬರೆದಿದ್ರೆ, ಮರ ತಲೆಕೆಳಗಾದಾಗ ಅದು VI, ಅಂದ್ರೆ ಆರು ಆಗ್ಬಿಡತ್ತೆ ಕಣೇ. ಗೀಟು ಹೇಗೆ ತಿರುಗಿಸಿದ್ರೂ ನಾಲ್ಕೇ," ಎಂದರು ಅತ್ತಿಗೆ.

ನಾನು ಕತ್ತು ಓರೆ ಮಾಡಿ ಗೀಟುಗಳನ್ನು ಮತ್ತೆ ಎಣಿಸಿದೆ.

ಮೂಲೆಯಲ್ಲಿ, ಕೊಳೆತ ಕಂಬದ ಜಾಗಕ್ಕೆ ತಿಳಿ ಬಣ್ಣದ ಹೊಸ ಕಂಬ ನಿಲ್ಲಿಸಿದ್ದರು. ಅದರ ಮೇಲೂ ಆಗಷ್ಟೇ ಕೆತ್ತಿದ ಗೀಟುಗಳು.

"ಇದನ್ನ ಇಲ್ಲೇ ಮಾಡಿದ್ದಲ್ವಾ ಅತ್ತಿಗೆ? ನಂಬರು ಯಾರಿಗೆ?"

"ಮುಂದೆ ಬಿಚ್ಚೋರಿಗೆ."

ಮನೆಗೆ ಇನ್ನೂ ಬಾಗಿಲೇ ಕೂರಿಸಿರಲಿಲ್ಲ.