ಒರತೆಗೆ ಬೇಲಿ ಕಟ್ಟಿಸಿದ ಅಕ್ಕೋರು

ಮೊನ್ನೆ ಟ್ಯಾಂಕರಿನವನು ನಮ್ಮ ಅಂಗಳದ ಡ್ರಮ್ಮಿಗೆ ನೀರು ಬಿಟ್ಟು ಹೋದ. ಮುಚ್ಚಳ ತೆಗೆದರೆ ಬ್ಲೀಚಿಂಗ್ ಪುಡಿಯ ಘಾಟು. ಸೊಸೆ ಮೂಗು ಮುಚ್ಚಿಕೊಂಡು ಒಳಗೆ ಹೋದಳು. ನಾನು ಮಾತ್ರ ಡ್ರಮ್ಮಿನ ಮೇಲೆ ಬಗ್ಗಿ ನಿಂತೇ ಇದ್ದೆ. ಈ ವಾಸನೆ ಬಂದಾಗಲೆಲ್ಲ ನನಗೆ ಹೊಸನಗರದ ಆಚೆ, ಶರಾವತಿಯ ದಡದಲ್ಲಿ ಒಂದಾನೊಂದು ಕಾಲಕ್ಕೆ ಇದ್ದ ನಮ್ಮ ಊರು ನೆನಪಾಗುತ್ತದೆ. ಅಲ್ಲಿನ ಶಾಲೆ ನೆನಪಾಗುತ್ತದೆ. ಆಮೇಲೆ ಅಕ್ಕೋರು...

ಶಾಲೆಯಲ್ಲಿ ಕಲಿಸುವ ಹೆಂಗಸನ್ನು ನಮ್ಮಲ್ಲಿ ಅಕ್ಕೋರು ಎಂದೇ ಕರೆಯುವುದು. ಅವರ ಹೆಸರು ಕೇಳುವ ಧೈರ್ಯ ನಮಗಿರಲಿಲ್ಲ, ಅಗತ್ಯವೂ ಬೀಳಲಿಲ್ಲ. ತೀರ್ಥಹಳ್ಳಿ ಕಡೆಯಿಂದ ಬಂದವರು. ಸಣಕಲು ಮೈ, ಮೂಗಿನ ತುದಿಯಲ್ಲೇ ಸಿಟ್ಟು. ಬಂದ ಮೊದಲ ವಾರವೇ ಒಂದು ಪ್ರಶ್ನೆ ಹಾಕಿದರು: "ನೀರು ಎಲ್ಲಿಂದ ಬರ್ತದೆ?" ಒಂದನೇ ಕ್ಲಾಸಿನಿಂದ ನಾಲ್ಕನೇ ಕ್ಲಾಸಿನವರೆಗೆ ನಾವೆಲ್ಲ ಒಂದೇ ಕೋಣೆಯಲ್ಲಿ ಕೂರುತ್ತಿದ್ದೆವು. ನಾನು ನಾಲ್ಕನೇ ಕ್ಲಾಸು. ಆಗಷ್ಟೇ ಶಾಲೆಗೆ ಸೇರಿದ್ದ ನನ್ನ ತಂಗಿ ಎದ್ದು ನಿಂತು, "ಅವ್ವನ ಕೊಡದಿಂದ" ಎಂದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅಕ್ಕೋರು ನಗಲಿಲ್ಲ. ಪುಸ್ತಕ ಮುಚ್ಚಿಸಿದರು, ತಂಗಿಯ ಕೈ ಹಿಡಿದುಕೊಂಡರು, ನಮ್ಮನ್ನೆಲ್ಲ ಸಾಲಾಗಿ ಗುಡ್ಡದ ಬುಡಕ್ಕೆ ನಡೆಸಿಕೊಂಡು ಹೋದರು.

ಅಲ್ಲಿ ಒಂದು ಒರತೆ ಇತ್ತು. ಕಲ್ಲಿನ ಸಂದಿಯಿಂದ ನೀರು ಒಸರಿ, ಮೊಣಕಾಲುದ್ದದ ಗುಂಡಿಯಲ್ಲಿ ತುಂಬಿಕೊಳ್ಳುತ್ತಿತ್ತು. ಊರಿಗೆಲ್ಲ ಕುಡಿಯುವ ನೀರು ಅದೊಂದೇ. ಅಕ್ಕೋರು ಎರಡು ಗಾಜಿನ ಬಾಟಲಿ ತಂದಿದ್ದರು. ಒಂದಕ್ಕೆ ಒರತೆಯ ನೀರು, ಇನ್ನೊಂದಕ್ಕೆ ಕೆಳಗೆ ಎಮ್ಮೆಗಳು ಬಿದ್ದುಕೊಳ್ಳುತ್ತಿದ್ದ ಹೊಂಡದ ನೀರು ತುಂಬಿಸಿ ಶಾಲೆಯ ಕಿಟಕಿಯಲ್ಲಿಟ್ಟರು. ಮೂರು ದಿನ ಬಿಟ್ಟು ನೋಡಿದರೆ ಎರಡನೆಯದರ ತಳದಲ್ಲಿ ಬೆರಳು ದಪ್ಪ ಕೆಸರು, ಅದರಲ್ಲಿ ನುಲಿಯುತ್ತಿದ್ದ ಹುಳ. ಪಾಠ ಅಷ್ಟೇ. ಮಾರನೇ ದಿನದಿಂದ ನಾವು ಬಿದಿರಿನ ಗಳ ಹೊತ್ತು ತಂದು ಒರತೆಯ ಸುತ್ತ ಬೇಲಿ ಕಟ್ಟಿದೆವು. ಯಾರೂ ನೀರಿಗೆ ಕೈ ಅದ್ದಬಾರದೆಂದು ಉದ್ದ ಹಿಡಿಕೆಯ ತೆಂಗಿನ ಚಿಪ್ಪೊಂದನ್ನು ಕೊಂಬೆಗೆ ತೂಗುಹಾಕಿದೆವು. ಚಿಪ್ಪಿನ ಕಾವಲು ತಂಗಿಗೆ. ಅವಳು ಅದೆಂಥ ದರ್ಬಾರು ನಡೆಸಿದಳೆಂದರೆ, ಒಮ್ಮೆ ಕೈಯಲ್ಲೇ ನೀರು ಮೊಗೆದ ನಮ್ಮ ಅಜ್ಜಿಯನ್ನೂ ಬಿಡದೆ ಅಕ್ಕೋರಿಗೆ ಚಾಡಿ ಹೇಳಿಬಿಟ್ಟಳು.

ಕೆಳಗೆ ಶರಾವತಿಗೆ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ಬರುವ ಮಳೆಗಾಲಕ್ಕೆ ನಮ್ಮ ಊರು ಮುಳುಗುತ್ತದೆ ಎಂದು ಎಲ್ಲರಿಗೂ ಖಾತ್ರಿಯಾಗಿತ್ತು. ಮುಳುಗುವ ಊರಿನಲ್ಲಿ ಯಾವುದಕ್ಕೂ ಬೆಲೆ ಉಳಿಯುವುದಿಲ್ಲ... ಒರತೆಯ ಮೇಲಿನ ಗುಡ್ಡದ ಮರಗಳನ್ನೆಲ್ಲ ಕಡಿದರು. ಪ್ರತಿ ವರ್ಷ ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಹಿಂದಿನ ದಿನ ಗುಂಡಿ ಬರಿದು ಮಾಡಿ, ಕಲ್ಲು ತಿಕ್ಕಿ, ಕುಂಕುಮ ಹಚ್ಚುತ್ತಿದ್ದರು. ಆ ವರ್ಷ ಯಾರೂ ಅತ್ತ ಹೋಗಲಿಲ್ಲ. ಬೇಸಿಗೆಯಲ್ಲಿ ಗುಡ್ಡದಾಚೆಯ ಹೊಸ ಜಾಗಕ್ಕೆ ಒಂದಿಷ್ಟು ಸಾಮಾನು ಮುಂಚಿತವಾಗಿ ಸಾಗಿಸಲು ಗಾಡಿಗೆ ಗಳ ಬೇಕಾಯಿತು. ನನ್ನ ಅಪ್ಪನೇ ಹೋಗಿ ಬೇಲಿ ಕಿತ್ತ. ಅಕ್ಕೋರು ಓಡಿ ಬಂದರು.

"ಮುಳುಗೋ ಒರತೆಗೆ ಬೇಲಿ ಯಾಕ್ರೀ ಅಕ್ಕೋರೇ?" ಅಪ್ಪ ನಗುತ್ತಲೇ ಕೇಳಿದ.

"ಆ ನೀರು ಬರೋ ತನಕ ಈ ನೀರು ಕುಡೀಬೇಕಲ್ಲಪ್ಪ."

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅಪ್ಪನ ಜೊತೆ ಗಳ ಹೊತ್ತವಳು ನಾನೇ.

ಮಳೆಗಾಲ ಬಂತು, ಹೊಳೆ ಉಬ್ಬಿತು. ಆದರೆ ನೀರು ಕೆಳಗಿನ ಗದ್ದೆಯವರೆಗೆ ಬಂದು ನಿಂತುಬಿಟ್ಟಿತು. ಊರು ಮುಳುಗಲಿಲ್ಲ! ಇನ್ನೊಂದು ವರ್ಷ ಸಿಕ್ಕಿತೆಂದು ನಾವು ಕುಣಿದಾಡಿದೆವು. ಅಕ್ಕೋರು ಮತ್ತೆ ಬೇಲಿ ಕಟ್ಟೋಣವೆಂದು ಮನೆ ಮನೆ ತಿರುಗಿದರು. ಬರುವ ವರ್ಷ ಹೇಗೂ ಮುಳುಗುತ್ತದಲ್ಲ ಎಂದು ಎಲ್ಲರೂ ಅಡ್ಡ ತಲೆಯಾಡಿಸಿ ಕಳಿಸಿದರು. ಬೇಸಿಗೆ ಬರುವಷ್ಟರಲ್ಲಿ ಮರವಿಲ್ಲದ ಒರತೆ ಬೆರಳು ಗಾತ್ರಕ್ಕೆ ಇಳಿದಿತ್ತು. ಬೇಲಿಯಿಲ್ಲದ ಗುಂಡಿಗೆ ದನ ಎಮ್ಮೆ ಇಳಿದು, ಗೊರಸಿನ ಗುರುತಿನಲ್ಲೆಲ್ಲ ಸಗಣಿ ನೀರು ನಿಂತಿತ್ತು. ಅದನ್ನೇ ಬಟ್ಟೆಯಲ್ಲಿ ಸೋಸಿ ಕುಡಿದೆವು.

ವಾಂತಿಭೇದಿ ಮೊದಲು ಮೇಲಿನ ಕೇರಿಗೆ ಬಂತು, ಆಮೇಲೆ ನಮ್ಮ ಮನೆಗೆ. ಹೊಸನಗರದಿಂದ ಒಬ್ಬರು ಚೀಲದಲ್ಲಿ ಬ್ಲೀಚಿಂಗ್ ಪುಡಿ ತಂದು ಗುಂಡಿಗೆ ಸುರಿದು ಹೋದರು. ಊರಿಗೆ ಊರೇ ಆ ವಾಸನೆ. ತಂಗಿ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಕಣ್ಣು ಗುಳಿ ಬಿದ್ದಿತ್ತು, ತುಟಿ ಒಡೆದಿತ್ತು. "ನೀರು" ಎಂಬುದೊಂದೇ ಮಾತು. ವಾಂತಿಭೇದಿಯಾದವರಿಗೆ ನೀರು ಕೊಟ್ಟರೆ ಹೊಟ್ಟೆ ಮತ್ತಷ್ಟು ಕೆಡುತ್ತದೆ ಎಂದು ಆಗಿನವರ ನಂಬಿಕೆ. ಅಜ್ಜಿ ಬಾಗಿಲಿಗೆ ಅಡ್ಡ ಕೂತಿದ್ದಳು. ಅಕ್ಕೋರು ಶಾಲೆಯ ಒಲೆಯಲ್ಲಿ ನೀರು ಕಾಯಿಸಿ ಆರಿಸಿ ಮನೆ ಮನೆಗೆ ಹಂಚುತ್ತಿದ್ದರು. ನಡು ಮಧ್ಯಾಹ್ನ ನಮ್ಮ ಜಗುಲಿಗೂ ಬಂದರು.

"ಒಂದು ಗುಟುಕಾದ್ರೂ ಕೊಡಿ ಅಮ್ಮಾ. ಮಗು ಒಣಗಿ ಹೋಗ್ತಾ ಉಂಟು."

"ಪಾಠ ಶಾಲೇಲಿ ಹೇಳಿ, ಸಾಕು. ಎರಡು ಮಕ್ಕಳನ್ನ ಇದ್ರಲ್ಲೇ ಕಳ್ಕೊಂಡವಳು ನಾನು" ಎಂದಳು ಅಜ್ಜಿ. ಅವಳನ್ನು ಬೈಯಲು ನನಗೆ ಇಂದಿಗೂ ಮನಸ್ಸು ಬರುವುದಿಲ್ಲ. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು, ಅತ್ತೆಯ ಮಾತು ಮೀರುವ ಶಕ್ತಿ ಅವಳಿಗಿರಲಿಲ್ಲ. ಅಕ್ಕೋರು ಜಗುಲಿ ಇಳಿದು, ಹಿತ್ತಲಿಗೆ ಸುತ್ತಿ ಬಂದು, ಚೊಂಬನ್ನು ನನ್ನ ಕೈಗಿಟ್ಟರು.

"ನೀನಾದ್ರೂ ಕೊಡು ಮಗಾ. ಅಜ್ಜಿ ಎದ್ದು ಹೋದಾಗ."

ಅಜ್ಜಿ ಎದ್ದು ಹೋದಳು. ಒಂದು ಸಲವಲ್ಲ, ಎರಡು ಸಲ. ನಾನು ಕಟ್ಟಿಗೆ ರಾಶಿಯ ಹಿಂದೆ ಚೊಂಬು ಹಿಡಿದು ಕೂತೇ ಇದ್ದೆ. ಬೈಗುಳದ ಹೆದರಿಕೆಯೋ, ನಾನು ಕೊಟ್ಟ ನೀರಿನಿಂದಲೇ ಅವಳು ಸತ್ತರೆ ಎಂಬ ಹೆದರಿಕೆಯೋ... ಕಾಲೇ ಏಳಲಿಲ್ಲ. ಒಳಗಿನಿಂದ "ನೀರು" ಎಂಬುದು ಕೇಳಿಸುತ್ತಲೇ ಇತ್ತು. ಇಳಿಹೊತ್ತಿಗೆ ಅದೂ ನಿಂತಿತು.

ಮಣ್ಣು ಮಾಡಿ ಬಂದ ಮಾರನೇ ದಿನ ಅಕ್ಕೋರು ಹಿತ್ತಲಿಗೆ ಬಂದರು. ಕಟ್ಟಿಗೆಯ ಹಿಂದಿನಿಂದ ಚೊಂಬು ತೆಗೆದು ಕೊಟ್ಟೆ. ತುಂಬಿಯೇ ಇತ್ತು. ಅವರು ಚೊಂಬು ನೋಡಿದರು, ನನ್ನನ್ನು ನೋಡಿದರು. ಬೈಯುತ್ತಾರೆಂದು ಕಾದೆ. ಅಷ್ಟೆಲ್ಲ ಸಿಟ್ಟಿನ ಹೆಂಗಸು ನನ್ನ ತಲೆಯ ಮೇಲೆ ಒಂದು ಗಳಿಗೆ ಕೈಯಿಟ್ಟು, ನೀರನ್ನು ಬಸಳೆಯ ಬುಡಕ್ಕೆ ಚೆಲ್ಲಿ ಹೊರಟುಹೋದರು. ಆ ಮಳೆಗಾಲದಲ್ಲಿ ನಿಜವಾಗಿಯೂ ನೀರು ಬಂತು. ನಾವು ಗುಡ್ಡದಾಚೆಗೆ ಹೋದೆವು. ಅಕ್ಕೋರಿಗೆ ಸಾಗರದ ಕಡೆ ಎಲ್ಲಿಗೋ ವರ್ಗವಾಯಿತಂತೆ. ಮತ್ತೆ ನಾನು ಅವರನ್ನು ನೋಡಲಿಲ್ಲ. ಹುಡುಕಬಹುದಿತ್ತು, ಹುಡುಕಲಿಲ್ಲ. ಅವರ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

"ಅಜ್ಜಿ, ಈ ನೀರು ನಾತ. ಕುಡೀಬಹುದಾ?" ಮೊಮ್ಮಗಳು ಡ್ರಮ್ಮಿನ ಹತ್ತಿರ ಬಂದು ಕೇಳಿದಳು. ಕಾಯಿಸಿ, ಆರಿಸಿ, ಚೊಂಬಿನಲ್ಲಿ ಕೊಟ್ಟೆ. ಅವಳು ಅರ್ಧ ಕುಡಿದು ಆಟಕ್ಕೆ ಓಡಿದಳು. ಉಳಿದದ್ದನ್ನು ಚೆಲ್ಲಲು ಮನಸ್ಸಾಗದೆ ಹಾಗೇ ಹಿಡಿದು ನಿಂತೆ. ನಮ್ಮ ಅಂಗಳದಿಂದ ನೋಡಿದರೆ ಕಣ್ಣು ಹಾಯುವಷ್ಟು ದೂರ ಹಿನ್ನೀರು. ಶಾಲೆ, ಒರತೆ, ತಂಗಿಯನ್ನು ಮಣ್ಣು ಮಾಡಿದ ಜಾಗ ಎಲ್ಲವೂ ಅದರ ಅಡಿಯಲ್ಲಿವೆ. ಒಂದು ಗುಟುಕು ಕೇಳಿದವಳ ಮೇಲೆ ಈಗ ಅಷ್ಟೂ ನೀರಿದೆ.