ಕಾಶವ್ವಾಯಿಯ ಹಗೇವು

ಕಾಶವ್ವಾಯಿ ಯಾರ ಮನೆಗೆ ಹೋದರೂ ಮೊದಲು ಅಡುಗೆಮನೆಗೆ ನುಗ್ಗಿ ಜೋಳದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕೈವರೆಗೆ ಕೈ ಇಳಿಸಿ, ಕಾಳು ಎಲ್ಲಿಯವರೆಗಿದೆ ಎಂದು ನೋಡಿದ ಮೇಲೆಯೇ "ಹೂಂ, ಆರಾಮ ಅದೀರೇನು?" ಎಂದು ಕೇಳುವುದು. ಡಬ್ಬಿ ತುಂಬಿದ್ದರೆ ಚಹಾಕ್ಕೆ ಕೂರುತ್ತಿದ್ದಳು. ತಳ ಕಂಡರೆ ಮುಖದ ಕಳೆಯೇ ಹೋಗಿ, ಚಹಾ ಬೇಡವೆಂದು ಎದ್ದು ನಡೆಯುತ್ತಿದ್ದಳು. ಸಂಜೆಯೊಳಗೆ ಆ ಮನೆಗೆ ಒಂದು ಬುಟ್ಟಿ ಜೋಳ ಬರುತ್ತಿತ್ತು. ಸಂತೆಯಿಂದ ತರುವುದು ಮರೆತಿದೆ ಅಷ್ಟೇ ಎಂದರೆ ಅವಳಿಗೆ ನಂಬಿಕೆ ಇರಲಿಲ್ಲ.

ನಾನು ಬಬಲೇಶ್ವರದಿಂದ ತಿಕೋಟಾಕ್ಕೆ ಸೊಸೆಯಾಗಿ ಬಂದ ವಾರದಲ್ಲೇ ನಮ್ಮ ಡಬ್ಬಿಗೂ ಆ ಕೈ ಇಳಿಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ಪಕ್ಕದ ಮನೆಯ ಮುದುಕಿ ಎಂದ ಮಾತ್ರಕ್ಕೆ ಹೇಳದೆ ಕೇಳದೆ ಒಳಗೆ ಬಂದುಬಿಡುವುದೇ? ಅತ್ತೆ ರೊಟ್ಟಿ ಬಡಿಯುತ್ತಲೇ ನಕ್ಕು, "ಸಣ್ಣಾಕಿದ್ದಾಗ ಹಸಿವು ಕಂಡಾಳ. ನಮ್ಮನಿಯಾಗ ರೊಟ್ಟಿ ಆಗ್ತೈತೋ ಇಲ್ಲೋ ಅಂತ ಆಕಿಗೆ ಅಂಜಿಕಿ. ನೋಡ್ಲಿ ಬಿಡು" ಎಂದರು. ಕಾಶವ್ವಾಯಿಯ ತವರೂ ಬಬಲೇಶ್ವರದ ಹತ್ತಿರದ ಒಂದು ತೋಟದ ವಸ್ತಿ ಎಂದು ಗೊತ್ತಾದ ಮೇಲಂತೂ ನನ್ನ ಸಿಟ್ಟಿಗೆ ಬೆಲೆಯೇ ಉಳಿಯಲಿಲ್ಲ. "ನಮ್ಮ ಕಡೀ ಕೂಸೈತಿ ಇದು" ಎಂದು ಓಣಿಗೆಲ್ಲ ಸಾರಿ, ನನ್ನ ಅಡುಗೆಮನೆಯನ್ನು ತನ್ನದೇ ಮಾಡಿಕೊಂಡಳು.

ಉದ್ದನೆಯ ಸಣಕಲು ಮೈ, ಹಣೆಯ ಮೇಲೆ ಹಸಿರು ಹಚ್ಚೆ, ಬಣ್ಣ ಬಿಟ್ಟ ಇಳಕಲ್ ಸೀರೆ, ಓಣಿಯ ಆ ತುದಿಗೂ ಕೇಳುವ ದನಿ. ಬಾಯಿ ಬಿಟ್ಟರೆ ತಮಾಷೆ. ನಾನು ಹೊಲಿದುಕೊಟ್ಟ ಕುಪ್ಪಸ ತೊಟ್ಟು ಬಂದು, "ಉಸರಾಡಾಕ ಜಾಗಾ ಇಟ್ಟಿಲ್ಲಲ್ಲಬೇ, ಉಳಿಸಿದ ಅರಿವ್ಯಾಗ ಬಾಗಿಲಿಗೆ ಪಡದಾ ಹೊಲೀತೀ ಏನು?" ಎಂದು ಎಲ್ಲರೆದುರು ನಗಿಸುವವಳು. ಇಷ್ಟು ನಗುವ ಹೆಂಗಸಿನೊಳಗೆ ಅಷ್ಟು ಭಯ ಎಲ್ಲಿ ಅಡಗಿ ಕೂತಿತ್ತೋ ಕಾಣೆ. ಮುಂಗಾರಿನ ಮೊದಲ ಮಿರಗದ ಮಳೆ ತಪ್ಪಿದರೆ ಸಾಕು, ಕಟ್ಟೆಯ ಮೇಲೆ ಕೂತು ಆಕಾಶ ನೋಡುತ್ತ ಮಾತೇ ಬಿಟ್ಟುಬಿಡುತ್ತಿದ್ದಳು. ಕೃಷ್ಣೆಯ ಕಾಲುವೆ ನೀರು ಬಂದು ಬಿಜ್ಜರಗಿ ಕಡೆಯೆಲ್ಲ ದ್ರಾಕ್ಷಿ ತೋಟಗಳು ಹಸಿರಾದಾಗ ನಾವು, "ಇನ್ನೇನು ಅಂಜಿಕಿ ಆಯಿ?" ಎಂದು ಕೆಣಕಿದೆವು. "ಹೊಳಿ ಬತ್ತಿದ್ರ?" ಎಂದಳು. ಕೃಷ್ಣೆ ಬತ್ತಬಹುದೆಂಬ ಯೋಚನೆ ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ. ಆಮೇಲೆ ಎಷ್ಟೋ ದಿನ ನಲ್ಲಿ ತಿರುಗಿಸುವಾಗ ನನಗೂ ಎದೆಯೊಳಗೆ ಒಂದು ಅಳುಕು.

ಅವಳ ಮನೆಯೆದುರು ಒಂದು ಹಗೇವು ಇತ್ತು. ನೆಲದೊಳಗೆ ತೋಡಿದ ಕಾಳಿನ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ಮಾತ್ರ ಕೋಣೆಯಷ್ಟು ಅಗಲ. ಸುತ್ತಲೂ ಜೋಳದ ಒಣ ಎಲೆಯ ರವದಿ ಒತ್ತಿ, ಬಿಳಿಜೋಳ ಸುರುವಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಹತ್ತುವುದಿಲ್ಲ. ಊರಿನ ಬೇರೆ ಹಗೇವುಗಳನ್ನೆಲ್ಲ ಮುಚ್ಚಿ, ಅವುಗಳ ಮೇಲೆ ಮನೆ ಕಟ್ಟಿಕೊಂಡಿದ್ದಾರೆ. ಅವಳ ಮಗ ಈರಣ್ಣನೂ "ಇದನ್ನ ಮುಚ್ಚಿದ್ರ ಟ್ರ್ಯಾಕ್ಟರ್ ನಿಂದರಸಾಕ ಜಾಗಾ ಆಗ್ತೈತಿ" ಎಂದು ಆಗಾಗ ಶುರುಮಾಡುತ್ತಿದ್ದ. "ಇದು ನಮ್ಮನಿ ಕಾಳಲ್ಲೋ, ಬರಗಾಲದ್ದು" ಎಂದು ಅವಳು ಅವನ ಬಾಯಿ ಮುಚ್ಚಿಸುತ್ತಿದ್ದಳು.

ಹಗೇವು ತೆರೆಯುವುದಕ್ಕೆ ಒಂದು ಕಟ್ಟಳೆ ಉಂಟು. ಮುಚ್ಚಿಟ್ಟ ಕಾಳಿನ ಮೇಲೆ ಗಾಳಿ ಕೆಟ್ಟಿರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ. ಕಲ್ಲು ಸರಿಸಿ, ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ಉರಿಯುವ ಕಂದೀಲು ಕಟ್ಟಿ ಒಳಗೆ ಇಳಿಬಿಡಬೇಕು. ದೀಪ ಆರಿದರೆ ಯಾರೂ ಇಳಿಯಬಾರದು. ಆರದಿದ್ದರೆ ಮಾತ್ರ, ಅದೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು.

ಈಚಿನ ಒಂದು ಬೇಸಿಗೆಯ ಮಾತು. ಮಧ್ಯಾಹ್ನ ನಾನು ಹೊಲಿಗೆ ಯಂತ್ರಕ್ಕೆ ಮೊಬೈಲ್ ಒರಗಿಸಿ ಸುದ್ದಿ ಹಚ್ಚಿಕೊಂಡಿದ್ದೆ. ಕಾಶವ್ವಾಯಿ ಡಬ್ಬಿ ನೋಡಿ ಬಂದು ಪಕ್ಕದಲ್ಲಿ ಕೂತಳು. ಸಮುದ್ರದಾಚೆಯ ಒಂದು ದೇಶ, ವರ್ಷವರ್ಷವೂ ಮಳೆಯಿಲ್ಲ, ಮೇಲೆ ಕಾದಾಟ ಬೇರೆ. ಒಣ ನೆಲದ ಮೇಲೆ ಸತ್ತುಬಿದ್ದ ಕುರಿಗಳು. ಒಬ್ಬ ತಾಯಿಯ ಮಡಿಲಲ್ಲಿ ಒಂದು ಕೂಸು, ಕಣ್ಣಿನ ಮೇಲೆ ಕೂತ ನೊಣ ಓಡಿಸಲೂ ಅದಕ್ಕೆ ತ್ರಾಣವಿಲ್ಲ. ನೋಡಲಾರದೆ ನಾನು ಮುಂದಿನದಕ್ಕೆ ಸರಿಸಲು ಹೋದೆ. ಕಾಶವ್ವಾಯಿ ನನ್ನ ಕೈ ಹಿಡಿದಳು.

"ತಡಿಬೇ. ಇದು ಯಾವೂರು?"

"ಭಾಳ ದೂರ ಆಯಿ. ಬ್ಯಾರೆ ದೇಶ."

"ಇವರಿಗೆ ಕಾಳು ಯಾರು ಕಳಸ್ಯಾರ?"

"ದೊಡ್ಡ ದೊಡ್ಡ ದೇಶದವರು ಕಳಸ್ತಾರ. ಸಾಲೂದಿಲ್ಲಂತ. ನಮ್ಮ ಕೈಯಾಗ ಏನೈತಿ?"

ಅವಳು ನನ್ನನ್ನೇ ನೋಡಿದಳು. "ನಮಗ ಬರಾ ಬಿದ್ದಾಗ ಅವ್ವ ಅಪ್ಪ ರಸ್ತಾಕ್ಕ ಖಡಿ ಕಲ್ಲ ಒಡ್ಯಾಕ ಹೋಗ್ತಿದ್ರು. ಸರಕಾರದವರು ಕೆಂಪು ಜ್ವಾಳ ಕೊಟ್ರು. ಹಡಗಿನ್ಯಾಗ ಬಂದಿತ್ತಂತ ಅದು. ಬಡದ್ರ ರೊಟ್ಟಿ ಒಡೀತಿತ್ತು, ಬಾಯಾಗ ಇಟ್ರ ಕಹಿ. ಅದನ್ನ ತಿಂದು ನಾ ಉಳದೆ. ಯಾರ ಹೊಲದ್ದಬೇ ಅದು? ಅವರಿಗೆ ಬಬಲೇಶ್ವರ ಗೊತ್ತಿತ್ತೇನು? ಅವರೂ ನಿನ್ಹಂಗ, ನಮ್ಮ ಕೈಯಾಗ ಏನೈತಿ ಅಂದಿದ್ರ ನಾ ಇವತ್ತ ಎಲ್ಲಿರ್ತಿದ್ನಿ?"

ನಗಿಸಿ ಮಾತು ತಿರುಗಿಸೋಣವೆಂದುಕೊಂಡೆ. ಆದರೆ ಅವಳು ನನ್ನ ಮಣಿಕಟ್ಟು ಬಿಡಲಿಲ್ಲ. "ನನ್ನ ತಮ್ಮ ಉಳೀಲಿಲ್ಲ. ಜ್ವಾಳದ ಲಾರಿ ಬಬಲೇಶ್ವರಕ್ಕ ಬಂದಿತ್ತು. ನಮ್ಮ ವಸ್ತಿಗೆ ಬರೂದು ತಡಾ ಆತು" ಎಂದಳು. ಅವಳಿಗೊಬ್ಬ ತಮ್ಮನಿದ್ದ ಎಂಬುದನ್ನು ಇಷ್ಟು ವರ್ಷಗಳಲ್ಲಿ ನಾನು ಕೇಳಿದ್ದು ಅದೇ ಮೊದಲು.

ಮರುದಿನದಿಂದ ಒಂದೇ ಹಟ, ಹಗೇವು ತೆರೆಯಬೇಕು, ಆ ಕೂಸಿನ ಊರಿಗೆ ಜೋಳ ಕಳಿಸಬೇಕು. ಅವಳ ಕಾಟ ತಾಳಲಾರದೆ ನಾನು ಅವರಿವರನ್ನು ಕೇಳಿದೆ. ವಿಜಯಪುರದ ಕೆಲವು ಹುಡುಗರು ಆ ದೇಶಕ್ಕೆಂದು ನೆರವು ಕೂಡಿಸುತ್ತಿದ್ದರು. ಕಾಳು ಅಷ್ಟು ದೂರ ಹೋಗುವುದಿಲ್ಲ, ಇಲ್ಲೇ ಮಾರಿ ಬಂದದ್ದನ್ನು ಅಲ್ಲಿ ಹಂಚುವವರಿಗೆ ಮುಟ್ಟಿಸುತ್ತೇವೆ, ಅವರು ಹತ್ತಿರದಲ್ಲೇ ಧಾನ್ಯ ಕೊಂಡು ಕೊಡುತ್ತಾರೆ ಎಂದರು. "ನನ್ನ ಜ್ವಾಳಾನ ಹೋಗಿದ್ರ ಚಲೋ ಇತ್ತು" ಎಂದು ಕಾಶವ್ವಾಯಿ ಗೊಣಗಿ ಒಪ್ಪಿದಳು. ಅವರ ಗಾಡಿ ಬರುವ ದಿನ ಗೊತ್ತಾಯಿತು.

ಆ ದಿನ ಬೆಳಿಗ್ಗೆ ಕಲ್ಲು ಸರಿಸಿದರು. ಹುಳಿ ವಾಸನೆ ಓಣಿಗೆಲ್ಲ ಬಡಿಯಿತು. ಸಂಜೆಯವರೆಗೆ ಗಾಳಿಯಾಡಲಿ ಎಂದು ಅವಳು, ಮಧ್ಯಾಹ್ನಕ್ಕೇ ಗಾಡಿ ಬರುತ್ತದೆ ಎಂದು ಈರಣ್ಣ. ಕಂದೀಲಿಗೆ ಹಾಕಲು ಸೀಮೆಎಣ್ಣೆ ಇರಲಿಲ್ಲ. ರೇಷನ್ ಅಂಗಡಿಯಲ್ಲಿ ಅದನ್ನು ಕೊಡುವುದು ನಿಂತು ಎಷ್ಟೋ ಕಾಲವಾಗಿತ್ತು. "ನಾ ಪಣತಿ ಹಚ್ಕೊಂಡು ಬರ್ತೀನಿ. ಅಲ್ಲೀತನಕ ಯಾರೂ ಇಳೀಬ್ಯಾಡ್ರಿ" ಎಂದು ಹೇಳಿ, ಮಗನ ಸೊಂಟಕ್ಕೆ ತಾನೇ ಹಗ್ಗ ಬಿಗಿದು, ಅವಳು ಒಳಗೆ ಹೋದಳು.

ಹಣತೆಗೆ ಎಣ್ಣೆ ಬತ್ತಿ ಹುಡುಕುವುದು ತಡವಾಯಿತು. ಈರಣ್ಣ ತನ್ನ ಮೊಬೈಲಿನ ಬೆಳಕು ಹಚ್ಚಿ, ಅದನ್ನು ದಾರಕ್ಕೆ ಕಟ್ಟಿ ಹಗೇವಿನೊಳಗೆ ಇಳಿಬಿಟ್ಟ. ಜೋಳ ಬೆಳ್ಳಗೆ ಹೊಳೆಯಿತು. "ನೋಡ್ರಿ, ಹ್ಯಾಂಗ ಉರಿಯಾಕತ್ತೈತಿ! ಆರಿಲ್ಲಲ್ಲ?" ಎಂದವನೇ ಇಳಿದುಬಿಟ್ಟ. ಹಗ್ಗದ ತುದಿ ಎದುರು ಮನೆಯ ರಫೀಕನ ಕೈಯಲ್ಲಿತ್ತು. ಮೊಬೈಲಿನ ಬೆಳಕಿಗೆ ಗಾಳಿಯ ಹಂಗಿಲ್ಲ ಎಂಬುದು ಅಲ್ಲಿ ನಿಂತಿದ್ದ ಒಬ್ಬರಿಗೂ ಹೊಳೆಯಲಿಲ್ಲ.

"ಬುಟ್ಟಿ ಬಿಡ್ರಿ" ಎಂಬ ದನಿ ಕೇಳಿಸಿತು. ಮತ್ತೇನೋ ಅನ್ನಲು ಹೋಗಿ ನಿಂತುಹೋಯಿತು. ರಫೀಕ್ ಬಗ್ಗಿ, "ಈರಣ್ಣಾ? ಏ ಈರಣ್ಣಾ?" ಎಂದ. ಕೆಳಗೆ ಬೆಳಕು ಹಾಗೆಯೇ ಇತ್ತು. ಆ ಬೆಳಕಿನಲ್ಲಿ ಈರಣ್ಣ ಜೋಳದ ಮೇಲೆ ಮಗ್ಗುಲಾಗಿ ಬಿದ್ದಿದ್ದ.

ಪಣತಿ ಹಿಡಿದು ಹೊರಗೆ ಬಂದ ಕಾಶವ್ವಾಯಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಪಣತಿ ಬಿಸಾಕಿ ಓಡಿಬಂದಳು. ರಫೀಕ್ ಹಗ್ಗವನ್ನು ಇನ್ನೊಬ್ಬರ ಕೈಗೆ ಕೊಟ್ಟು ಆಗಲೇ ಕಾಲು ಇಳಿಬಿಟ್ಟಿದ್ದ. ಅವಳು ಅವನ ಅಂಗಿ ಹಿಡಿದು ಹಿಂದಕ್ಕೆಳೆದು, ಹಗೇವಿನ ಬಾಯಿಗೆ ಅಡ್ಡವಾಗಿ ಕೂತಳು.

"ಬಿಡ ಆಯಿ, ಸಾಯ್ತಾನ ಅವಾ!"

"ನೀ ಇಳದ್ರ ನೀನೂ ಸಾಯ್ತಿ! ನಿಮ್ಮವ್ವಗ ನಾ ಏನು ಹೇಳ್ಲಿ? ಹಗ್ಗಾ ಜಗ್ಗು! ಎಲ್ಲಾರೂ ಜಗ್ರಿ!"

ಕೆಳಗೆ ಹೆತ್ತ ಮಗ ಬಿದ್ದಿದ್ದಾನೆ, ಈ ಮುದುಕಿ ಎದುರು ಮನೆಯ ಹುಡುಗನನ್ನು ಇಳಿಯಗೊಡುತ್ತಿಲ್ಲ. ಆ ಹೊತ್ತಿನ ಅವಳ ಮುಖ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಓಣಿಯೆಲ್ಲ ಸೇರಿ ಜಗ್ಗಿದೆವು. ಈರಣ್ಣನ ಹೆಗಲು ಹಗೇವಿನ ಬಾಯಿಯಲ್ಲಿ ಸಿಕ್ಕಿಕೊಂಡಿತು. ಅವಳೇ ಮಲಗಿ, ಉಸಿರು ಬಿಗಿಹಿಡಿದು, ಕೈ ಹಾಕಿ ಅವನ ತೋಳು ಬಿಡಿಸಿದಳು. ಮೇಲೆ ಬಂದವನ ತುಟಿಗಳು ನೀಲಿಯಾಗಿದ್ದವು.

ರಫೀಕನ ಪಿಕಪ್‌ನಲ್ಲಿ ವಿಜಯಪುರಕ್ಕೆ ಹೊರಟೆವು. ಇಟ್ಟಂಗಿಹಾಳದ ಹತ್ತಿರ ಈರಣ್ಣನ ಎದೆ ಏರಿಳಿಯುತ್ತಿದೆಯೋ ಇಲ್ಲವೋ ಎಂದು ನೋಡಲು ನನಗೆ ಧೈರ್ಯ ಸಾಲಲಿಲ್ಲ. ಆಸ್ಪತ್ರೆಯವರು ಅವನನ್ನು ಒಳಗೆ ಒಯ್ದು ಬಾಗಿಲು ಹಾಕಿಕೊಂಡರು. ಈರಣ್ಣನ ಹೆಂಡತಿ ಮಹಾದೇವಿ ಅತ್ತೆಯ ಎದುರು ನಿಂತಳು. "ಯಾವುದೋ ದೇಶದವರ ಸಲುವಾಗಿ ನನ್ನ ಗಂಡನ್ನ ಮಣ್ಣಾಗ ಇಳಿಸಿದ್ರೆಲ್ಲ! ಅವರೇನು ನಿಮ್ಮ ಬಳಗಾ ಏನ್ರಿ?" ಎಂದು ಕಿರುಚಿದಳು. ಕಾಶವ್ವಾಯಿ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡಳು.

ಮಹಾದೇವಿ ಅತ್ತು ದಣಿದು ಕೂತ ಮೇಲೆ ಕಾಶವ್ವಾಯಿ ನನ್ನ ಕಡೆ ತಿರುಗಿದಳು. "ಆಕಿ ಹೇಳೂದು ಖರೇ ಐತಿ. ನನಗ ಭಾಳ ಅಂಜಿಕಿ ಬರಾಕತ್ತೈತಿ, ಮಗಳ. ಆ ತಾಯಿಗೂ ಹಿಂಗ ಆಗ್ತಿರಬೇಕಲ್ಲ? ನನ್ನ ಮಗಗ ನೀವು ಹಗ್ಗಾ ಜಗ್ಗಿದ್ರಿ. ಗಾಡಿ ಬಂತು. ಒಳಗ ಡಾಕ್ಟರ್ ಅದಾರ. ಆಕಿ ಕೂಸಿಗೆ ಜಗ್ಗಾವರು ಯಾರದಾರ?" ಎಂದಳು. ನಾನು ಅವಳ ಪಕ್ಕಕ್ಕೆ ಸರಿದು ಕೂತೆ.

ಈರಣ್ಣ ಉಳಿದ. ಮನೆಗೆ ಬಂದವನು ಹಗೇವಿನ ಕಡೆ ನೋಡಲೂ ಹೆದರುತ್ತಿದ್ದ. ಅವಳೂ ಮತ್ತೆ ಆ ಮಾತು ಎತ್ತಲಿಲ್ಲ. ಕಡೆಗೆ ಅವನೇ ಒಂದು ದಿನ ಕಟ್ಟೆಯ ಮೇಲೆ ಕೂತು, "ಪಣತಿ ಬಿಟ್ಟು ನೋಡು ಯವ್ವಾ. ಇಷ್ಟ ದಿನಾ ತೆರದೈತಿ, ಗಾಳಿ ಆಡಿರಬೇಕು. ಎತ್ತಿ ಕೊಟ್ಟುಬಿಡೂಣು" ಎಂದ. ಪಣತಿ ಇಳಿಬಿಟ್ಟೆವು, ಎತ್ತುವವರೆಗೂ ಆರಲಿಲ್ಲ. ರಫೀಕ್ ಹಗ್ಗ ಕಟ್ಟಿಕೊಂಡು ಇಳಿದು ಬುಟ್ಟಿ ತುಂಬಿ ಕೊಟ್ಟ. ಗಾಡಿ ಓಣಿ ದಾಟುವವರೆಗೆ ಕಾಶವ್ವಾಯಿ ಅದರ ಹಿಂದೆಯೇ ನಡೆದಳು.

ಅಷ್ಟರಲ್ಲಿ ನನ್ನ ಮಗಳ ಕಾಲೇಜಿಗಾಗಿ ನಾವು ವಿಜಯಪುರಕ್ಕೆ ಮನೆ ಬದಲಿಸಿದೆವು. ಕಾಶವ್ವಾಯಿ ಯಾರದಾದರೂ ಫೋನಿನಿಂದ ನನ್ನ ಜೊತೆ ಮಾತಾಡುತ್ತಿದ್ದಳು. ಆರಾಮ ಇದ್ದೀಯಾ ಎಂದೂ ಕೇಳದೆ ನೇರ "ಮುಟ್ಟಿತೇನಬೇ?" ಎನ್ನುತ್ತಿದ್ದಳು. ಆ ಹುಡುಗರು ಪಾಪ, ಕಳಿಸಿದ್ದೇವೆ ಎನ್ನುತ್ತಿದ್ದರು. ಅಲ್ಲಿ ದಾರಿಗಳು ಬಂದ್ ಆಗಿವೆ, ಕಾದಾಡುವವರು ಧಾನ್ಯದ ಲಾರಿಗಳನ್ನು ತಡೆದಿದ್ದಾರೆ ಎಂದೂ ಹೇಳಿದರು. ಅದನ್ನು ಅವಳಿಗೆ ಹೇಳಿದ್ದೇ ತಪ್ಪಾಯಿತು. "ಕಾಳಿನ ಗಾಡಿ ತಡೀತಾರ? ಕಾಳಿನ ಗಾಡಿ?" ಎಂದು ಮತ್ತೆ ಮತ್ತೆ ಕೇಳಿದಳು. ಆ ದನಿಯಲ್ಲಿದ್ದ ದಿಗಿಲು ಫೋನಿನಿಂದ ನನ್ನ ಕಿವಿಗೆ ಹತ್ತಿಕೊಂಡಿತು. ತಿಕೋಟಾದ ಫೋನ್ ಬಂದರೆ ಎತ್ತಲು ಹೆದರಿಕೆಯಾಗತೊಡಗಿತು.

ದೀಪಾವಳಿ ಮುಗಿದ ಮೇಲೆ ಅವಳು ಹಾಸಿಗೆ ಹಿಡಿದಳು. ಅದರಿಂದ ಮತ್ತೆ ಏಳಲಿಲ್ಲ. ತೀರಿಕೊಳ್ಳುವ ವಾರ ನಾನು ನೋಡಲು ಹೋದಾಗ ಮಹಾದೇವಿ ಬಾಗಿಲಲ್ಲೇ ನನ್ನ ಕೈ ಹಿಡಿದು, "ಮುಟ್ಟೇತಿ ಅಂತ ಹೇಳಿಬಿಡ್ರಿ ಅಕ್ಕಾ. ಜೀವಕ್ಕ ಸಮಾಧಾನ ಆಗ್ಲಿ" ಎಂದು ಪಿಸುಗುಟ್ಟಿದಳು. ಅತ್ತೆಯ ತಲೆಗೂದಲು ಬಾಚಿ, ಗಂಜಿ ಕುಡಿಸಿ, ಈ ಮಾತನ್ನೂ ಸಿದ್ಧಮಾಡಿಕೊಂಡು ನಿಂತಿದ್ದಳು. ಹಾಗೇ ಹೇಳಬೇಕೆಂದುಕೊಂಡು ನಾನು ಒಳಗೆ ಹೋದೆ.

ಕಾಶವ್ವಾಯಿಗೆ ಗುರುತು ಹತ್ತಿತು. ಪಕ್ಕದಲ್ಲಿ ಕೂತೆ. ಅವಳ ಕೈ ನನ್ನ ಮಣಿಕಟ್ಟನ್ನು ಹುಡುಕಿ ಹಿಡಿಯಿತು.

"ಮುಟ್ಟಿತೇನಬೇ?"

ಆ ಕಣ್ಣುಗಳನ್ನು ನೋಡುತ್ತ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಇಲ್ಲ ಎನ್ನಲೂ ಬಾಯಿ ಬರಲಿಲ್ಲ. "ದಾರ್ಯಾಗ ಐತಂತ, ಆಯಿ" ಎಂದೆ.

ಅವಳ ಕಣ್ಣುಗಳು ಅಗಲವಾದವು. ಹಿಡಿತ ಬಿಗಿಯಾಯಿತು. ನನ್ನನ್ನು ದಾಟಿ, ನನ್ನ ಹಿಂದೆ ನಿಂತ ಯಾರನ್ನೋ ನೋಡುವವಳ ಹಾಗೆ ನೋಡಿ, "ಅವತ್ತೂ ಹಂಗ ಅಂದಿದ್ರು," ಎಂದಳು. "ಲಾರಿ ದಾರ್ಯಾಗ ಐತಿ ಅಂತ."