ಬಾಸಿಂಗದ ಅಕ್ಕನ ಮಣಿಕಟ್ಟು

ಮೊನ್ನೆ ಯಲ್ಲಾಪುರದಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದ ಸಣ್ಣ ಅಂಗಡಿಯಲ್ಲಿ ಒಬ್ಬರು ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುತ್ತ ಕೂತಿದ್ದರು. ಸ್ಟೌವಿನ ಮೇಲೆ ಮೈದಾ ಅಂಟು ಕುದಿಯುತ್ತಿತ್ತು. ಹುಳ ಹಿಡಿಯದಿರಲಿ ಎಂದು ಅದಕ್ಕೊಂದು ಚೂರು ಮೈಲುತುತ್ತ ಹಾಕುತ್ತಾರೆ. ಆಗ ಒಂದು ವಾಸನೆ ಏಳುತ್ತದೆ... ಪೂರ್ತಿ ಹಿಟ್ಟಿನದೂ ಅಲ್ಲ, ಪೂರ್ತಿ ಔಷಧಿಯದೂ ಅಲ್ಲ. ಲಾರಿಗಳ ಹೊಗೆಯನ್ನು ದಾಟಿ ಅದು ನನ್ನ ಮೂಗಿಗೆ ಬಂತು. ಶಿರಸಿಯ ಬಸ್ಸು ಬಂತು, ಜನ ಹತ್ತಿದರು, ನಾನು ನಿಂತೇ ಇದ್ದೆ. ಬಸ್ಸು ಹೋದ ಮೇಲೆ ನನಗೇ ನಗು ಬಂತು. ಆಮೇಲೆ ನಗು ನಿಂತಿತು.

ಆ ವಾಸನೆ ನನ್ನ ಮೊದಲ ಕೆಲಸದ ಕೋಣೆಯದು.

ನಾನು ಸಿದ್ದಾಪುರದ ಕಡೆಯವಳು. ಅಜ್ಜಿ ಮದುವೆಮನೆಯ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಿದ್ದಳು. ನಾನು ಅದನ್ನೇ ಹಲಗೆಯ ಮೇಲೆ, ಬಟ್ಟೆಯ ಮೇಲೆ ಬರೆದು ಮಾರಲು ಶುರು ಮಾಡಿದವಳು. ಮನೆಯಲ್ಲಿ ಅಡುಗೆಮನೆಯ ಮೂಲೆಯಲ್ಲಿ ಕೂತು ಬರೆಯುತ್ತಿದ್ದೆ. ಊಟದ ಹೊತ್ತಿಗೆ ಏಳಬೇಕು, ನೆಂಟರು ಬಂದರೆ ಏಳಬೇಕು, ಅಕ್ಕಿ ಆರಿಸಲು ಜಾಗ ಬೇಕೆಂದರೆ ಏಳಬೇಕು. ಒಂದು ಗೆರೆ ಶುರು ಮಾಡಿ ಅದೇ ಉಸಿರಿನಲ್ಲಿ ಮುಗಿಸಿದ ನೆನಪೇ ಇಲ್ಲ. ಹಾಗಾಗಿ ಶಿರಸಿಯಲ್ಲಿ ಅಡಿಕೆ ತುಂಬಿಡುವ ಒಂದು ವಖಾರಿಯ ಮಹಡಿಯ ಕೋಣೆ ಬಾಡಿಗೆಗೆ ಇದೆ ಎಂದು ಗೊತ್ತಾದಾಗ ಓಡಿಹೋಗಿದ್ದೆ. ವಖಾರಿಯ ಯಜಮಾನರು ಬೀಗ ತೆಗೆದು ತೋರಿಸಿ, "ಪೂರ್ತಿ ಕೋಣೆ ನಿಮ್ಗೆ ಹೆಚ್ಚಾಯ್ತು. ಇನ್ನೊಬ್ರು ಕೇಳಿದಾರೆ, ಬಾಸಿಂಗ ಮಾಡೋರು. ಇಬ್ರೂ ಹಂಚ್ಕಳಿ" ಅಂದರು.

ಆ ಇನ್ನೊಬ್ಬರು ಮಾರನೆಯ ದಿನವೇ ಬಂದರು. ಅರವತ್ತರ ಹತ್ತಿರದ ಹೆಂಗಸು. ಸಪೂರ ದೇಹ, ಮೇಲಕ್ಕೆತ್ತಿ ಸಿಕ್ಕಿಸಿದ ಸೆರಗು. ಬೆಂಡಿನ ಕಟ್ಟನ್ನು ಮಗುವಿನ ಹಾಗೆ ತೋಳಿನ ಮೇಲೆ ಇಟ್ಟುಕೊಂಡು ಮೆಟ್ಟಿಲು ಹತ್ತಿದರು. ಕೆರೆಯ ನೀರಲ್ಲಿ ಬೆಳೆಯುವ ಗಿಡದ ತಿರುಳು ಆ ಬೆಂಡು. ಹತ್ತಿಗಿಂತ ಹಗುರ, ಹಲ್ಲಿಗಿಂತ ಬಿಳುಪು. ಅದನ್ನು ತೆಳುವಾಗಿ ಸೀಳಿ, ಹೂವು ಕೊಯ್ದು, ಅಂಟಿಸಿ, ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗ ಮಾಡುತ್ತಿದ್ದರು. ಊರವರೆಲ್ಲ ಬಾಸಿಂಗದ ಅಕ್ಕ ಎನ್ನುತ್ತಿದ್ದರು. ನಾನೂ ಅಕ್ಕ ಎಂದೇ ಕರೆದೆ. ಅವರು ನನ್ನನ್ನು ಕರೆದದ್ದು ತಂಗಿ ಎಂದು.

ಅವರಿಗೂ ಅದು ಮೊದಲ ಸ್ವಂತ ಜಾಗ. ಹುಡುಗಿಯಾಗಿದ್ದಾಗಿನಿಂದ ಪೇಟೆಯಲ್ಲಿದ್ದ ಅಣ್ಣನ ಅಂಗಡಿಯ ಹಿಂದಿನ ಕತ್ತಲೆಯಲ್ಲಿ ಕೂತು ಮಾಡಿದವರು. ಅಣ್ಣ ತೀರಿಕೊಂಡ ಮೇಲೆ ಅಣ್ಣನ ಮಗ ಮಿರಿಮಿರಿ ಮಿಂಚುವ ಥರ್ಮಕೋಲಿನ ಬಾಸಿಂಗಗಳನ್ನು ಹುಬ್ಬಳ್ಳಿಯಿಂದ ತರಿಸತೊಡಗಿದನಂತೆ. "ಅತ್ತೆ, ಇನ್ನು ಸಾಕು, ಮನೇಲಿರಿ ಅಂದ. ಮನೇಲಿ ಕೂತು ನಾ ಎಂತಾ ಮಾಡ್ಲಿ ತಂಗಿ, ಗೋಡೆ ನೋಡ್ಲಾ?" ಅದನ್ನು ಹೇಳುವಾಗ ಅವರ ಮುಖ ಕೆಂಪಾಗಿತ್ತು.

ಆ ಕೋಣೆಯಲ್ಲಿ ಮೊದಲ ವಾರಗಳು ನನಗೆ ಸುಖವಾಗಿರಲಿಲ್ಲ. ಜಾಗ ಸಿಕ್ಕರೆ ಸಾಕು, ಕೆಲಸ ತಾನಾಗಿ ಹರಿಯುತ್ತದೆ ಎಂದುಕೊಂಡಿದ್ದೆ. ಹರಿಯಲಿಲ್ಲ. ಮೇಜನ್ನು ಕಿಟಕಿಯ ಕೆಳಗೆ ಇಟ್ಟೆ, ಬಿಸಿಲು ಕಣ್ಣಿಗೆ ಹೊಡೆಯಿತು. ಗೋಡೆಗೆ ಸರಿಸಿದೆ, ನನ್ನ ನೆರಳೇ ಹಲಗೆಯ ಮೇಲೆ ಬಿತ್ತು. ಮೇಜು ಬೇಡವೆಂದು ನೆಲಕ್ಕೆ ಕೂತೆ. ಕೆಳಗೆ ವಖಾರಿಯಲ್ಲಿ ಅಡಿಕೆ ಸುರಿಯುವ ಸದ್ದು ನೆಲದಿಂದ ಮೈಗೇ ಬರುತ್ತಿತ್ತು. ಯಲ್ಲಾಪುರದ ಹತ್ತಿರ ಹೊಸದಾಗಿ ಶುರುವಾಗುತ್ತಿದ್ದ ಹೋಮ್‌ಸ್ಟೇ ಒಂದಕ್ಕೆ ದೊಡ್ಡ ಚಿತ್ತಾರ ಬರೆದುಕೊಡಲು ಒಪ್ಪಿಕೊಂಡಿದ್ದೆ. ಅದು ಸರಿಯಾದರೆ ಮನೆಯವರು ಕೋಣೆ ಬಿಡಿಸುವ ಮಾತಾಡುವುದಿಲ್ಲ. ಕೆಟ್ಟರೆ ಮತ್ತೆ ಅಡುಗೆಮನೆಯ ಮೂಲೆ. ಪುಂಡಿ ನಾರಿನ ಕುಂಚ ಹಿಡಿದು ಗೆರೆ ಶುರು ಮಾಡುತ್ತಿದ್ದೆ. ಯಾರೂ ಏಳು ಎನ್ನದಿದ್ದರೂ ಅರ್ಧಕ್ಕೇ ಏಳುತ್ತಿದ್ದೆ.

ಫ್ಯಾನಿನ ಜಗಳ ಬೇರೆ. ನನ್ನ ಕೆಮ್ಮಣ್ಣು ಬೇಗ ಒಣಗಲು ಫ್ಯಾನು ಬೇಕು. ಫ್ಯಾನು ತಿರುಗಿದರೆ ಅವರ ಬೆಂಡಿನ ಹೂವುಗಳೆಲ್ಲ ಕೋಣೆ ತುಂಬ ಹಾರುತ್ತಿದ್ದವು. ಬಾಯಿ ಬಿಟ್ಟು ಜಗಳವಾಡಲಿಲ್ಲ. ನಾನು ಟಕ್ ಎಂದು ಹಾಕುತ್ತಿದ್ದೆ, ಸ್ವಲ್ಪ ಹೊತ್ತಿಗೆ ಅವರು ಟಕ್ ಎಂದು ಆರಿಸುತ್ತಿದ್ದರು. ಒಂದು ದಿನ ನನ್ನ ಹಸಿ ಹಲಗೆಗೆ ಅವರ ಬಿಳಿ ಎಸಳುಗಳು ಅಂಟಿಕೊಂಡವು. ಇಬ್ಬರೂ ನೋಡಿದೆವು. ಅವರೇ ಮೊದಲು ನಕ್ಕರು. "ನಾ ಕೆಳಗೆ ಹೋದಾಗ ಹಾಕ್ಕ, ಬಂದಾಗ ಆರ್ಸು" ಅಂದರು.

ಆ ಒಪ್ಪಂದ ನಡೆಯಿತು. ಅವರು ಬಹಳ ಸಲ ಕೆಳಗೆ ಹೋಗುತ್ತಿದ್ದರು. ಸ್ವಲ್ಪ ಕೂರುವುದು, ಏಳುವುದು, ಕಿಟಕಿಗೆ ಹೋಗುವುದು, ಮೆಟ್ಟಿಲಿಳಿದು ವಖಾರಿಯಲ್ಲಿ ಅಡಿಕೆ ಆರಿಸುವ ಹೆಂಗಸರ ಹತ್ತಿರ ಮಾತಾಡಿ ಬರುವುದು. ಗಿರಾಕಿ ಬರಲಿಲ್ಲವೆಂಬ ಚಡಪಡಿಕೆ ಎಂದುಕೊಂಡಿದ್ದೆ. ಗಿರಾಕಿ ನಿಜವಾಗಿಯೂ ಬಂದಿರಲಿಲ್ಲ. ಬಾಸಿಂಗಕ್ಕೆಂದು ಪೇಟೆಗೆ ಬಂದವರು ಹಳೆಯ ಅಂಗಡಿಗೇ ಹೋಗುತ್ತಿದ್ದರು, ಸಿಕ್ಕಿದ್ದನ್ನು ಕೊಂಡು ಹೋಗುತ್ತಿದ್ದರು.

ಮದುವೆಯ ಕಾಲ ಶುರುವಾಗಿ ಬಿಸಿಲು ಏರಿದ ಮೇಲೆ ಒಂದು ಬೆಳಿಗ್ಗೆ ಭೈರುಂಬೆಯ ಕಡೆಯ ಒಬ್ಬ ಅಜ್ಜಿ ಮಗನ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಏದುಸಿರು ಬಿಡುತ್ತಲೇ, "ಬೆಂಡಿನ ಬಾಸಿಂಗ ಮಾಡೋರು ಇಲ್ಲೇ ಇದ್ರಡ, ಹೌದಾ? ನಾಡಿದ್ದು ಎನ್ನ ಮೊಮ್ಮಗನ ಮದುವೆ. ಪೇಟೇಲಿ ಥರ್ಮಕೋಲಿಂದು ತೋರ್ಸಿದ. ಅದನ್ನ ಹಣೆಗೆ ಕಟ್ಟಲೆ ಆಗ್ತಿಲ್ಲೆ, ಆನು ಬ್ಯಾಡ ಹೇಳಿ ಬಂದಿ" ಅಂದರು. ಮಗ ಹಿಂದೆ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದ.

ಅಕ್ಕನ ಮುಖ ಅರಳಿದ್ದು ನೋಡಿ ನನಗೂ ಖುಷಿಯಾಯಿತು. ಆದರೆ ಅಜ್ಜಿ ಹೋಗಲಿಲ್ಲ. "ಆನು ಇಲ್ಲೇ ಕೂತ್ಗತ್ತೆ. ನೀ ಮಾಡು, ಆನು ನೋಡ್ತೆ" ಎಂದು ಬೆಂಚಿನ ಮೇಲೆ ಕೂತೇಬಿಟ್ಟರು.

ಎದ್ದು ಹೋಗಲು ಈಗ ಅಕ್ಕನಿಗೆ ದಾರಿಯಿರಲಿಲ್ಲ. ಬೆಂಡನ್ನು ತೊಡೆಯ ಮೇಲೆ ಇಟ್ಟುಕೊಂಡು ಚೂರಿ ಹಿಡಿದರು. ಮೊದಲ ಸೀಳು ಅರ್ಧಕ್ಕೆ ಮುರಿಯಿತು. ಎರಡನೆಯದೂ ಮುರಿಯಿತು. ಆಗ ನೋಡಿದೆ... ಅವರ ಬಲಗೈ ನಡುಗುತ್ತಿತ್ತು. ಸುಮ್ಮನೆ ನಡುಗುವುದಲ್ಲ, ಚೂರಿಯ ತುದಿ ಬೆಂಡಿಗೆ ತಾಗುವ ಹೊತ್ತಿಗೆ ಕೈ ತನ್ನಷ್ಟಕ್ಕೆ ತಾನು ಕುಣಿಯುತ್ತಿತ್ತು. ಅಷ್ಟು ದಿನ ಒಂದೇ ಕೋಣೆಯಲ್ಲಿದ್ದೂ ನಾನು ಕಂಡಿರಲಿಲ್ಲ. ಕೈ ನಡುಗಲು ಶುರುವಾದಾಗಲೆಲ್ಲ ಅವರು ಎದ್ದು ಹೋಗುತ್ತಿದ್ದರು.

ಅಕ್ಕ ತಲೆಯೆತ್ತಿ, ತುಂಬ ಸಮಾಧಾನದಿಂದ, "ಅಮ್ಮಾ, ಬೆಂಡು ಇನ್ನೂ ತಂಪಿದೆ. ಸ್ವಲ್ಪ ಬಿಸಿಲು ಕಾಣಿಸ್ಬೇಕು. ನೀವು ಪೇಟೆ ಕೆಲ್ಸ ಮುಗಿಸ್ಕಂಡು ಸಂಜೆ ಬನ್ನಿ, ಕೈಯಾರೆ ಕೊಡ್ತೆ" ಅಂದರು. ಅಜ್ಜಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೆ ಮಗನಿಗೆ ಅಷ್ಟೇ ಬೇಕಾಗಿತ್ತು, ಕರೆದುಕೊಂಡು ಹೋದ.

ಅವರ ಹೆಜ್ಜೆ ಸದ್ದು ಕೆಳಗಿಳಿದ ಮೇಲೆ ಅಕ್ಕ ಬಾಗಿಲು ಹಾಕಿ ಅಗಳಿ ಸರಿಸಿದರು. ನನ್ನ ಕಡೆ ತಿರುಗದೆಯೇ ಕೇಳಿದರು.

"ನೋಡ್ದ್ಯಾ?"

"ನೋಡ್ದೆ."

ಆಮೇಲೆ ಬಂದು ತಮ್ಮ ಜಾಗದಲ್ಲಿ ಕೂತು, ಪಕ್ಕದ ನೆಲವನ್ನು ಅಂಗೈಯಿಂದ ತಟ್ಟಿದರು. "ಬಾ, ಇಲ್ಲಿ ಕುತ್ಕ. ಮಣಿಕಟ್ಟು ಹಿಡ್ಕ. ಗಟ್ಟಿ ಹಿಡೀಬ್ಯಾಡ, ಗುಬ್ಬಿಮರಿ ಹಿಡ್ದಂಗೆ ಹಿಡಿ."

ಹಿಡಿದೆ. ಚರ್ಮದ ಕೆಳಗೆ ನಡುಕ ಸಣ್ಣ ಯಂತ್ರದ ಹಾಗೆ ಓಡುತ್ತಿತ್ತು. ಮೊದಲು ನನ್ನ ಹಿಡಿತ ಬಿಗಿಯಾಯಿತು, ಬೆಂಡು ಮುರಿಯಿತು. ಸಡಿಲ ಬಿಟ್ಟೆ, ಚೂರಿ ಜಾರಿತು. "ಅವಸರ ಮಾಡ್ಬ್ಯಾಡೆ ಮಾರಾಯ್ತಿ" ಎಂದು ಬೈದರು. ಎಷ್ಟೋ ಬೆಂಡು ಹಾಳಾದ ಮೇಲೆ ಒಂದು ಸೀಳು ಮುರಿಯದೆ, ಕಾಗದದ ಸುರುಳಿಯಂತೆ ಬಿಚ್ಚಿಕೊಂಡು ಬಂತು. ಇಬ್ಬರೂ ಉಸಿರು ಹಿಡಿದಿದ್ದೆವು. ಉಸಿರು ಬಿಟ್ಟರೂ ಹಾರಿಹೋಗುವ ವಸ್ತು ಅದು.

ಫ್ಯಾನಿಲ್ಲದ ಕೋಣೆಯಲ್ಲಿ ಬೆವರು ಕತ್ತಿನಿಂದ ಬೆನ್ನಿಗೆ ಇಳಿಯುತ್ತಿತ್ತು. ಆಚೆ ನನ್ನ ದೊಡ್ಡ ಹಲಗೆ ಗೋಡೆಗೆ ಒರಗಿತ್ತು. ನನ್ನ ಕೆಲಸ ನಿಂತಿದೆಯೆಂದು ಕಣ್ಣು ಮತ್ತೆ ಮತ್ತೆ ಅತ್ತಲೇ ಹೋಗುತ್ತಿತ್ತು, ಸುಳ್ಳು ಹೇಳಲಾರೆ. ಕಾಲು ಜೋಮು ಹಿಡಿಯಿತು. ಏಳಬೇಕೆನಿಸಿತು. ಕೈ ಬಿಡಲಾಗದೆ ಕೂತೆ. ಅಂಟು ಕುದಿಸಿದ್ದು ನಾನು, ಹಚ್ಚಿದ್ದು ನಾನು, ಎಸಳು ಎಲ್ಲಿ ಕೂರಬೇಕೆಂದು ಎಡಗೈ ಬೆರಳಿನಿಂದ ತೋರಿಸಿದ್ದು ಅವರು. ಸಂಜೆ ಅಜ್ಜಿ ಬಂದಾಗ ಬಾಸಿಂಗ ಅಕ್ಕನ ಮಡಿಲಲ್ಲಿ ಇತ್ತು. ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಅಕ್ಕನ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಮೆಟ್ಟಿಲಿಳಿದರು.

ಆಮೇಲೆ ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಯಿತು. ಮತ್ತಿಘಟ್ಟದಿಂದ, ಸಿದ್ದಾಪುರದಿಂದ ಜನ ಬಂದರು. ಆ ಕಾಲವೆಲ್ಲ ನಾವು ಹಾಗೇ ಕೆಲಸ ಮಾಡಿದೆವು. ಬೆಳಿಗ್ಗೆ ಅವರ ಮಣಿಕಟ್ಟು ಹಿಡಿಯುವುದು, ಮಧ್ಯಾಹ್ನದಿಂದ ನನ್ನ ಗೆರೆ. ಆ ಹೊತ್ತಿಗೆ ಅವರು ಹಲಗೆಯ ತುದಿ ಅಲುಗದಂತೆ ಹಿಡಿದು ಕೂರುತ್ತಿದ್ದರು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿದರೆ ಕಳ್ಳರ ಹಾಗೆ ಕೈ ಬಿಟ್ಟು ದೂರ ಸರಿಯುತ್ತಿದ್ದೆವು. ಆ ಬಗ್ಗೆ ಮಾತಾಡಲೇ ಇಲ್ಲ. ಒಮ್ಮೆ ಮಾತ್ರ, "ಆಸ್ಪತ್ರೆಗೆ ಹೋಗಿ ಬರೋಣ ಅಕ್ಕಾ" ಅಂದೆ. "ಡಾಕ್ಟ್ರು ಕೆಲ್ಸ ಬಿಡಿ ಅಂತಾರೆ. ಅದನ್ನ ಕೇಳೂಕೆ ಅಷ್ಟ್ ದೂರ ಹೋಗ್ಬೇಕಾ?" ಅಂದರು. ಮತ್ತೆ ಆ ಮಾತೆತ್ತಲು ನನಗೆ ಧೈರ್ಯ ಬರಲಿಲ್ಲ. ಯಲ್ಲಾಪುರದ ಹಲಗೆ ಹೇಳಿದ ದಿನಕ್ಕೆ ಹೋಯಿತು, ಹೋಮ್‌ಸ್ಟೇಯವರು ಒಪ್ಪಿದರು. ಕೋಣೆ ಉಳಿಯಿತು.

ಮಳೆ ಹಿಡಿದ ಮೇಲೆ ಮದುವೆಗಳು ನಿಂತವು. ಅಕ್ಕ ಕುಮಟೆಯ ತಂಗಿಯ ಮನೆಗೆ ಹೊರಟರು. "ಎಂಟ್ ದಿವ್ಸ ಇದ್ದು ಬತ್ತೆ. ನನ್ ಜಾಗದಲ್ಲಿ ಯಾರನ್ನೂ ಕೂರ್ಸಬ್ಯಾಡ" ಎಂದು ಛತ್ರಿ ಬಿಚ್ಚಿದರು. ಎಂಟು ದಿನ ಕಳೆಯಿತು, ಶ್ರಾವಣ ಕಳೆಯಿತು. ಫೋನಿನಲ್ಲಿ ಪ್ರತಿ ಸಲವೂ ಮುಂದಿನ ವಾರ ಎನ್ನುತ್ತಿದ್ದರು. ದನಿ ಬರಬರುತ್ತ ಸಣ್ಣದಾಗುತ್ತಿತ್ತು. ಒಂದು ಸಲ ತಂಗಿಯೇ ಫೋನು ತೆಗೆದುಕೊಂಡು, ಅಕ್ಕ ಮಲಗಿದ್ದಾರೆ ಅಂದರು.

ನವರಾತ್ರಿ ಮುಗಿದ ಮೇಲೆ ಒಬ್ಬರು ಬಾಗಿಲಲ್ಲಿ ಬಂದು ನಿಂತರು. ಪೇಟೆ ಅಂಗಡಿಯ ಅಣ್ಣನ ಮಗ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ ರೀತಿಯಲ್ಲೇ ನನಗೆ ತಿಳಿಯಿತು.

"ಅತ್ತೆ ಹೋದ್ರು. ಸಾಮಾನು ತಗಂಡು ಹೋಗೂಕೆ ಬಂದೆ."

ನನಗೆ ಅವರ ಮೇಲೆ ಎಷ್ಟೋ ದಿನದ ಸಿಟ್ಟಿತ್ತು. ಏನೋ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಕೋಣೆಯ ಸುತ್ತ ನೋಡಿ, ಅಕ್ಕ ಕೂರುತ್ತಿದ್ದ ಜಾಗದ ಎದುರು ಕುಕ್ಕರಗಾಲಲ್ಲಿ ಕೂತರು. "ಕೈ ನಡುಗ್ತಿತ್ತು ಅವ್ರಿಗೆ. ಚೂರಿ ಜಾರಿ ಎರಡು ಸಲ ಬೆರಳು ಕುಯ್ಕಂಡಿದ್ರು. ಹೆದರಿಕೆಯಾಗಿ ನಾನೇ ಸಾಕು ಅಂದೆ. ಅದಕ್ಕೇ ಸಿಟ್ಟು ಮಾಡ್ಕಂಡು ಬಂದ್ರು. ಇಲ್ಲಿ ಸುಮ್ನೆ ಹೊತ್ತು ಕಳೀಲಿಕ್ಕೆ ಬರ್ತಾರೆ ಅಂತ ಮಾಡಿದ್ದೆ..."

ಎದ್ದು ಹೋಗಿ, ಕಪಾಟಿನಿಂದ ಕೊನೆಯದಾಗಿ ಮಾಡಿಟ್ಟ ಬಾಸಿಂಗ ತಂದು ಅವರ ಎರಡೂ ಅಂಗೈಗಳ ಮೇಲೆ ಇಟ್ಟೆ. ಅವರು ಅದನ್ನು ತಿರುಗಿಸಿ ನೋಡಿದರು. ಎಸಳಿನ ಅಂಚಿನ ಮೇಲೆ ಬೆರಳು ತಾಗಿಸದೆ ಆಡಿಸಿದರು. ಅವರೂ ಆ ಕಸುಬಿನ ಮನೆಯಲ್ಲೇ ಹುಟ್ಟಿದವರು.

"ಇದು ಅತ್ತೆ ಮಾಡಿದ್ದಾ? ಆ ಕೈಯಲ್ಲಿ?"

"ಹೌದು. ಅವ್ರೇ ಮಾಡಿದ್ದು" ಅಂದೆ.

ಅವರು ಬಹಳ ಹೊತ್ತು ಅತ್ತರು. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ.

ಅದಾಗಿ ಕೆಲವು ವರ್ಷಗಳಾದವು. ನನಗೆ ಬೆಂಡಿನ ಕೆಲಸ ಬರುವುದಿಲ್ಲ. ಮಣಿಕಟ್ಟು ಹಿಡಿದಿದ್ದೆನೇ ಹೊರತು ಚೂರಿ ನನ್ನ ಕೈಗೆ ಬಂದಿರಲಿಲ್ಲ, ಅವರು ಕೊಟ್ಟಿರಲೂ ಇಲ್ಲ. ಆಮೇಲೆ ಒಂದೆರಡು ಸಲ ಪ್ರಯತ್ನಿಸಿದೆ, ಎಲ್ಲ ಮುರಿಯಿತು. ಆ ಕೋಣೆಯಲ್ಲಿ ಇವತ್ತಿಗೂ ನನ್ನ ಮೇಜು ಒಂದು ಕಡೆ ನಿಲ್ಲುವುದಿಲ್ಲ, ತಿಂಗಳಿಗೊಮ್ಮೆ ಜಾಗ ಬದಲಾಗುತ್ತದೆ. ಅವರ ಜಾಗ ಬಿಟ್ಟು.

ಈಗ ವಖಾರಿಯ ಯಜಮಾನರು ಕಟ್ಟಡ ಕೆಡವಿಸುತ್ತಾರಂತೆ. ಹೋದ ವಾರ ಸಿದ್ದಾಪುರದಲ್ಲಿ ಒಂದು ಕೋಣೆ ನೋಡಿ ಬಂದೆ. ಒಳ್ಳೆಯ ಬೆಳಕಿದೆ, ಕೆಳಗೆ ಗಲಾಟೆಯಿಲ್ಲ. ಆದರೆ ಒಳಗೆ ಕಾಲಿಟ್ಟವಳೇ ಇದು ಸಾಲದು, ಇನ್ನೂ ದೊಡ್ಡದು ಬೇಕು ಅಂದೆ. ಮನೆಯ ಒಡತಿ ನನ್ನನ್ನೊಮ್ಮೆ, ಕೋಣೆಯನ್ನೊಮ್ಮೆ ನೋಡಿ, "ಕೆಲ್ಸ ಮಾಡೋರು ಎಷ್ಟ್ ಜನ ಇದ್ರಿ?" ಎಂದು ಕೇಳಿದರು.

ಒಬ್ಬಳೇ ಎಂದೆ. ಬಾಯಿ ಬಿಟ್ಟು ಹಾಗೆ ಹೇಳಿದ್ದು ಅದೇ ಮೊದಲು.